ಎಂಜಿನ್ ಮಿಸ್ ಹೊಡೆದು ಆಕ್ಸಿಜನ್ ಸೆನ್ಸರ್ ಕೋಡ್ ಬಂದರೆ ಏನೇನು, ಯಾವ ಕ್ರಮದಲ್ಲಿ ನೋಡಬೇಕು

"ಗಾಡಿ ಮಿಸ್ ಹೊಡಿಲಾಕತ್ತದ, ಪಿಕಪ್ ಇಲ್ಲ" ಎಂದು ಗ್ಯಾರೇಜಿಗೆ ಹೋದರೆ ಸ್ಕ್ಯಾನರ್ ಹಾಕುತ್ತಾರೆ. ಪರದೆ ಮೇಲೆ ಆಕ್ಸಿಜನ್ ಸೆನ್ಸರ್ ಹೆಸರು ಬರುತ್ತದೆ. ಸಾವಿರಾರು ರೂಪಾಯಿಯ ಹೊಸ ಸೆನ್ಸರ್ ಕೂರಿಸಿ, ಕೋಡ್ ಅಳಿಸಿ ಕಳಿಸುತ್ತಾರೆ. ವಾರದೊಳಗೆ ಅದೇ ಲೈಟ್ ಮತ್ತೆ ಹತ್ತುತ್ತದೆ.

ಹೀಗಾಗುವುದಕ್ಕೆ ಕಾರಣವಿದೆ. ಆ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಸುಟ್ಟ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಬೀಳದಿದ್ದರೆ ಒಳಗೆ ಹೋದ ಗಾಳಿ ಸುಡದೆ ಹಾಗೇ ಹೊರಬರುತ್ತದೆ. ಸೆನ್ಸರಿಗೆ ಆಮ್ಲಜನಕ ಹೆಚ್ಚಾಗಿ ಕಂಡು, ಪೆಟ್ರೋಲ್ ಕಡಿಮೆ ಬಿದ್ದಿದೆ ಎಂದು ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ತಿಳಿಸುತ್ತದೆ. ಇಸಿಯು ಎಲ್ಲ ಸಿಲಿಂಡರಿಗೂ ಪೆಟ್ರೋಲ್ ಏರಿಸುತ್ತದೆ. ಆಗ ಚೆನ್ನಾಗಿದ್ದ ಉಳಿದ ಮೂರರ ಪ್ಲಗ್ಗೂ ಮಸಿ ಹಿಡಿಯತೊಡಗುತ್ತದೆ. ಇಲ್ಲಿ ಸೆನ್ಸರ್ ತಾನು ಕಂಡದ್ದನ್ನೇ ಹೇಳಿದೆ, ಕೆಟ್ಟಿರುವುದು ಕಿಡಿ ಹಾರಿಸುವ ಪ್ಲಗ್ ಅಥವಾ ಅದಕ್ಕೆ ವೋಲ್ಟೇಜ್ ಕೊಡುವ ಕಾಯಿಲ್. ಆದ್ದರಿಂದ ಮಿಸ್‌ಫೈರ್ (ಮಿಸ್ ಹೊಡೆಯುವುದರ) ಕೋಡ್ ಮತ್ತು ಸೆನ್ಸರ್ ಕೋಡ್ ಎರಡೂ ಒಟ್ಟಿಗೆ ಬಂದಿದ್ದರೆ ಮೊದಲು ಮಿಸ್‌ಫೈರ್ ಸರಿಮಾಡಿ, ಸೆನ್ಸರನ್ನು ಆಮೇಲೆ ನೋಡಿ. ಈ ಬರಹದಲ್ಲಿರುವುದೆಲ್ಲ ಪೆಟ್ರೋಲ್ ಮತ್ತು ಸಿಎನ್‌ಜಿ ಕಾರುಗಳ ಮಾತು. ಡೀಸೆಲ್ಲಿನ ಲೆಕ್ಕ ಬೇರೆ.

ಲೈಟ್ ಮಿನುಗುತ್ತಿದ್ದರೆ ಗಾಡಿ ನಿಲ್ಲಿಸಿ

ಚೆಕ್ ಲೈಟ್ ಸ್ಥಿರವಾಗಿ ಹತ್ತಿದ್ದರೆ ನಿಧಾನಕ್ಕೆ ಮನೆ ಮುಟ್ಟಬಹುದು. ಬಿಟ್ಟು ಬಿಟ್ಟು ಮಿನುಗುತ್ತಿದ್ದರೆ ಮಿಸ್‌ಫೈರ್ ತೀವ್ರವಾಗಿದೆ ಎಂದರ್ಥ. ಸುಡದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗಿ ಮುಚ್ಚಿಕೊಳ್ಳುವಷ್ಟು ಬಿಸಿಯೇರಬಹುದು. ಕಾಯಿಲ್ ಬದಲಿಸುವ ಖರ್ಚಿನ ಹಲವು ಪಟ್ಟು ಕನ್ವರ್ಟರಿಗೆ ಬೇಕು. ವೇಗ ತಗ್ಗಿಸಿ, ಸುರಕ್ಷಿತ ಜಾಗ ನೋಡಿ ಬಂದ್ ಮಾಡಿ. ಆದರೆ ಒಣ ಹುಲ್ಲು, ತೊಗರಿ ಕಡ್ಡಿ, ರಸ್ತೆ ಮೇಲೆ ಹರವಿದ ರಾಶಿಯ ಮೇಲೆ ಮಾತ್ರ ನಿಲ್ಲಿಸಬೇಡಿ. ಸುಗ್ಗಿ ಕಾಲದಲ್ಲಿ ಗಾಡಿಯ ಅಡಿಗೆ ಸಿಕ್ಕಿಕೊಂಡ ಒಣ ಕಸ ಕಾದ ಸೈಲೆನ್ಸರ್ ಪೈಪಿಗೆ ತಾಗಿ ಬೆಂಕಿ ಹತ್ತುವುದು ಕಲ್ಪನೆಯ ಭಯವಲ್ಲ.

ಅಳಿಸುವ ಮೊದಲು ಓದಿ

ಸ್ಟೀರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ 16 ಪಿನ್ನಿನ ಓಬಿಡಿ ಸಾಕೆಟ್ (ಸ್ಕ್ಯಾನರ್ ಚುಚ್ಚುವ ಜಾಗ) ಇರುತ್ತದೆ. ಬ್ಲೂಟೂತಿನ ಇಎಲ್‌ಎಂ 327 ಅಡಾಪ್ಟರ್ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ, ಫೋನಿನಲ್ಲಿ ಒಂದು ಆ್ಯಪ್ ಇದ್ದರೆ ಮನೆಯಲ್ಲೇ ಓದಬಹುದು. ನಮ್ಮ ದೇಶದಲ್ಲಿ ಓಬಿಡಿ-2 ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಕಾರುಗಳಲ್ಲಿ ಎಂಜಿನ್ ಕಣ್ಣಿಗೆ ಕಾಣುವಂತೆ ನಡುಗಿದರೂ ಮಿಸ್‌ಫೈರ್ ಕೋಡ್ ಬರದೇ ಹೋಗಬಹುದು.

ಕೋಡ್ ಕಂಡ ಕೂಡಲೇ ಅಳಿಸುವ ಅವಸರ ಬೇಡ. ಕೋಡ್ ಹುಟ್ಟಿದ ಗಳಿಗೆಯ ಆರ್‌ಪಿಎಂ, ಲೋಡ್, ಕೂಲಂಟ್ ತಾಪ, ವೇಗ ಇವನ್ನೆಲ್ಲ ಇಸಿಯು 'ಫ್ರೀಜ್ ಫ್ರೇಮ್' ಎಂದು ಉಳಿಸಿಟ್ಟಿರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ. ಮೊದಲು ಪರದೆಯ ಫೋಟೋ ತೆಗೆದುಕೊಳ್ಳಿ. ಕೂಲಂಟ್ 30 ಡಿಗ್ರಿ ಇದ್ದಾಗ ಬಂದ ಮಿಸ್‌ಫೈರಿಗೂ, 95 ಡಿಗ್ರಿಯಲ್ಲಿ ಏರು ಹತ್ತುವಾಗ ಬಂದದ್ದಕ್ಕೂ ಹುಡುಕುವ ಜಾಗ ಬೇರೆ. ತಣ್ಣಗಿದ್ದಾಗ ಬಂದು ಬಿಸಿಯಾದ ಮೇಲೆ ಹೋದರೆ ಪ್ಲಗ್, ಸೋರುವ ಇಂಜೆಕ್ಟರ್, ಒಳಕ್ಕೆ ಸೋರುವ ಕೂಲಂಟ್ ಕಡೆ ನೋಡಿ. ಬಿಸಿಯಾದ ಮೇಲಷ್ಟೇ ಬಂದರೆ ಕಾಯಿಲ್ ಮೇಲೆ ಅನುಮಾನ ಹೆಚ್ಚು. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಬಾನೆಟ್ಟಿನ ಒಳಗಿನ ಕಾವಿಗೆ ಕಾಯಿಲ್ಲಿನ ರಬ್ಬರ್ ಬೂಟ್ ಗಡುಸಾಗಿ ಬಿರುಕು ಬಿಡುತ್ತದೆ, ಜೂನ್ ಮಳೆಯ ತೇವ ಬಿದ್ದ ಮೊದಲ ವಾರ ಆ ಬಿರುಕಿನಲ್ಲೇ ಕಿಡಿ ಹೊರಗೆ ಹಾರುತ್ತದೆ.

ಪಿ0301 ಎಂದರೆ ಒಂದನೇ ಸಿಲಿಂಡರ್, ಪಿ0302 ಎರಡನೆಯದು, ಹೀಗೇ ಪಿ0304ರವರೆಗೆ. ಪಿ0300 ಎಂದರೆ ಒಂದಕ್ಕೆ ನಿಲ್ಲದೆ ಅಲ್ಲಲ್ಲಿ ಬರುವ ಮಿಸ್‌ಫೈರ್. ಬಹುತೇಕ ಸಣ್ಣ ಕಾರುಗಳಲ್ಲಿ ಗೇರ್‌ಬಾಕ್ಸಿನ ಎದುರು ತುದಿಯಿಂದ, ಅಂದರೆ ಬೆಲ್ಟ್ ಇರುವ ಕಡೆಯಿಂದ ಎಣಿಕೆ ಶುರು. ಆ್ಯಪಿನಲ್ಲಿ ಮೋಡ್ 6 (ಇಸಿಯು ತಾನೇ ಮಾಡಿದ ಪರೀಕ್ಷೆಗಳ ಫಲಿತಾಂಶದ ಪುಟ) ತೆರೆಯಲು ಬಂದರೆ ಎ2ರಲ್ಲಿ ಒಂದನೇ ಸಿಲಿಂಡರಿನ, ಎ3ರಲ್ಲಿ ಎರಡನೆಯದರ ಮಿಸ್ ಎಣಿಕೆ ಸಿಗುತ್ತದೆ. ಲೈಟ್ ಹತ್ತುವಷ್ಟು ಹದಗೆಡುವ ಮುಂಚೆಯೇ ಯಾವ ಸಿಲಿಂಡರ್ ಸೋಲುತ್ತಿದೆ ಎಂದು ಅಲ್ಲಿ ಗೊತ್ತಾಗುತ್ತದೆ. ಇದನ್ನು ಬಳಸುವವರು ಕಡಿಮೆ, ಆದರೆ ಇಷ್ಟು ಬೆಲೆಬಾಳುವ ಮಾಹಿತಿ ಬೇರೆ ಪುಟದಲ್ಲಿಲ್ಲ.

ಇಸಿಯು ಮಿಸ್‌ಫೈರನ್ನು ಗುರುತಿಸುವುದು ಕ್ರ್ಯಾಂಕ್ ಸೆನ್ಸರಿನಿಂದ. ನಾಲ್ಕು ಸಿಲಿಂಡರ್ ಎಂಜಿನಿನಲ್ಲಿ ಕ್ರ್ಯಾಂಕ್ 180 ಡಿಗ್ರಿ ತಿರುಗಿದಾಗೆಲ್ಲ ಒಂದು ತಳ್ಳು ಬೀಳಬೇಕು, ಮೂರು ಸಿಲಿಂಡರಿನಲ್ಲಿ 240 ಡಿಗ್ರಿಗೊಮ್ಮೆ. ತಳ್ಳು ಬೀಳದೆ ವೇಗ ತಗ್ಗಿದರೆ ಅದು ಮಿಸ್ ಎಂದು ಎಣಿಸುತ್ತದೆ. ಹಾಗಾಗಿ ತಗ್ಗು-ದಿನ್ನೆಯ ರಸ್ತೆಯಲ್ಲಿ ಚಕ್ರದಿಂದ ಬರುವ ಕುಲುಕೂ ಕೆಲವು ಕಾರುಗಳಲ್ಲಿ ಪಿ0300 ಹುಟ್ಟಿಸಬಹುದು. ಗಾಡಿ ನಿಂತಲ್ಲಿ ಒಂದಿಷ್ಟೂ ನಡುಗದೆ, ಕೆಟ್ಟ ರಸ್ತೆಯಲ್ಲಿ ಮಾತ್ರ ಕೋಡ್ ಬರುತ್ತಿದ್ದರೆ ಪ್ಲಗ್ ಬಿಚ್ಚುವ ಮೊದಲು ಇದನ್ನು ನೆನಪಿಡಿ.

ಅದಲು ಬದಲು ಪರೀಕ್ಷೆ

ಹೊಸ ಭಾಗ ಒಂದೂ ಕೊಳ್ಳದೆ ಮಿಸ್‌ಫೈರಿನ ಮೂಲ ಹಿಡಿಯುವ ವಿಧಾನ ಇದು. ಬೇಕಾಗುವುದು 10 ಎಂಎಂ ಪಾನಾ, ಉದ್ದ ಎಕ್ಸ್‌ಟೆನ್ಶನ್, ನಿಮ್ಮ ಕಾರಿಗೆ ಹೊಂದುವ 14 ಅಥವಾ 16 ಎಂಎಂ ಪ್ಲಗ್ ಸಾಕೆಟ್. ಎಂಜಿನ್ ಪೂರ್ತಿ ಆರಿರಬೇಕು, ಅಲ್ಯೂಮಿನಿಯಂ ಹೆಡ್ ಬಿಸಿಯಿದ್ದಾಗ ಪ್ಲಗ್ ತೆಗೆದರೆ ಚೂಡಿ (ಥ್ರೆಡ್) ಕಿತ್ತು ಬರಬಹುದು.

ಇಗ್ನಿಷನ್ ಬಂದ್ ಮಾಡಿ, ಕಾಯಿಲ್ ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ, ಕಾವಿಗೆ ಪ್ಲಾಸ್ಟಿಕ್ ಪುಡಿಯಾಗುವಂತಾಗಿರುತ್ತದೆ. ಬೋಲ್ಟ್ ತೆಗೆದು ಕಾಯಿಲನ್ನು ಸ್ವಲ್ಪ ಆಚೀಚೆ ತಿರುಗಿಸುತ್ತ ಮೇಲೆತ್ತಿ. ಇನ್ನು ನಮ್ಮ ಕಡೆಗೇ ಮುಖ್ಯವಾದ ಮಾತು. ಶಹಾಬಾದ್‌ನ ಫರಸಿ ಕಲ್ಲಿನ ಗಣಿ, ವಾಡಿ-ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆ, ಬೇಸಿಗೆಯಲ್ಲಿ ಒಣಗಿ ಹಾರುವ ಕರಿಮಣ್ಣು, ಇವುಗಳ ಧೂಳೆಲ್ಲ ಪ್ಲಗ್ ಕೂರುವ ಗುಂಡಿಯಲ್ಲಿ ಸೇರಿರುತ್ತದೆ. ಪ್ಲಗ್ ಸಡಿಲಿಸುವ ಮೊದಲು ಗಾಳಿ ಹೊಡೆದು ಗುಂಡಿ ಸ್ವಚ್ಛ ಮಾಡಲೇಬೇಕು. ಇಲ್ಲದಿದ್ದರೆ ಪ್ಲಗ್ ಹೊರಬಂದ ಕ್ಷಣ ಆ ಕಲ್ಲಿನ ಪುಡಿ ನೇರ ಸಿಲಿಂಡರಿಗೆ ಬಿದ್ದು ಲೈನರ್ ಗೀರುತ್ತದೆ. ಗುಂಡಿಯಲ್ಲಿ ನೀರಿದ್ದರೆ ಎಂಜಿನ್ ವಾಶ್ ಮಾಡಿಸಿದ ಫಲ, ಒಣಗಿಸಿದರೆ ಮಿಸ್ ನಿಲ್ಲಬಹುದು. ಆಯಿಲ್ ಇದ್ದರೆ ವಾಲ್ವ್ ಕವರ್ ಗ್ಯಾಸ್ಕೆಟ್ ಅಥವಾ ಪ್ಲಗ್ ಟ್ಯೂಬ್ ಸೀಲ್ ಹೋಗಿದೆ. ಅದನ್ನು ಬದಲಿಸದೆ ಹೊಸ ಕಾಯಿಲ್ ಹಾಕಿದರೆ ಹೊಸದೂ ಹಾಳಾಗುತ್ತದೆ.

ಈಗ ಪಿ0302 ಬಂದಿದೆ ಎಂದುಕೊಳ್ಳಿ. ಎರಡನೇ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ. ಬೇರೆ ಏನನ್ನೂ ಮುಟ್ಟಬೇಡಿ. ಕೋಡ್ ಅಳಿಸಿ, ಮೊದಲು ಮಿಸ್ ಬಂದ ಸ್ಥಿತಿಯಲ್ಲೇ ಓಡಿಸಿ. ಪಿ0303 ಬಂದರೆ ಕಾಯಿಲ್ ಕೆಟ್ಟಿದೆ. ಪಿ0302 ಅಲ್ಲೇ ಉಳಿದರೆ ಎರಡನೇ ಸುತ್ತಿನಲ್ಲಿ ಪ್ಲಗ್ ಅದಲು ಬದಲು ಮಾಡಿ, ಮೂರನೆಯದರಲ್ಲಿ ಇಂಜೆಕ್ಟರ್. ಒಂದೇ ಸಲಕ್ಕೆ ಎರಡನ್ನು ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಎಂದೂ ತಿಳಿಯುವುದಿಲ್ಲ.

ಹಳೆಯ ಕಾರುಗಳಲ್ಲಿ ಎರಡು ಸಿಲಿಂಡರಿಗೆ ಒಂದೇ ಕಾಯಿಲ್, ಅದರಿಂದ ಹೈಟೆನ್ಶನ್ ವೈರ್ ಇರುತ್ತದೆ. ಅಲ್ಲಿ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಪಿ0301, ಪಿ0304 ಒಟ್ಟಿಗೆ ಬಂದರೆ ಆ ಜೋಡಿಯ ಕಾಯಿಲನ್ನೇ ಮೊದಲು ನೋಡಿ. ಎಂಜಿನ್ ಚಾಲೂ ಇದ್ದಾಗ ಪ್ಲಗ್ ವೈರ್ ಕಿತ್ತು ಕಿಡಿ ನೋಡುವ ಹಳೆಯ ರೂಢಿಯನ್ನು ಮಾತ್ರ ಬಿಟ್ಟುಬಿಡಿ. ಹತ್ತಾರು ಸಾವಿರ ವೋಲ್ಟ್ ಕೈಗೂ ಹೊಡೆಯುತ್ತದೆ, ಕಾಯಿಲ್ಲಿನ ಒಳಗಿನ ಇನ್ಸುಲೇಶನ್ನನ್ನೂ ಸೀಳುತ್ತದೆ. ಸಿಲಿಂಡರ್ ನಿಲ್ಲಿಸಿ ನೋಡಬೇಕಾದರೆ ಇಂಜೆಕ್ಟರಿನ ಕನೆಕ್ಟರ್ ತೆಗೆಯಿರಿ. ನಡುಕ ಹೆಚ್ಚಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು, ಏನೂ ಬದಲಾಗದಿದ್ದರೆ ಅದೇ ಸತ್ತ ಸಿಲಿಂಡರ್.

ಬಿಚ್ಚಿದ ಪ್ಲಗ್ಗುಗಳನ್ನು ಕ್ರಮದಲ್ಲಿ ಸಾಲಾಗಿಡಿ. ತಿಳಿ ಕಂದು ಬಣ್ಣ ಒಳ್ಳೆಯದು. ಒಣ ಕಪ್ಪು ಮಸಿ ಎಂದರೆ ಪೆಟ್ರೋಲ್ ಹೆಚ್ಚು ಅಥವಾ ಕಿಡಿ ಬಲಹೀನ. ಹಸಿ ಕಪ್ಪು ಜಿಡ್ಡು ಎಂದರೆ ಆಯಿಲ್ ಮೇಲೇರುತ್ತಿದೆ. ಸುಣ್ಣದಂತೆ ಬೆಳ್ಳಗಾಗಿ ತುದಿ ಸವೆದಿದ್ದರೆ ವಿಪರೀತ ಬಿಸಿ. ಒಂದೇ ಒಂದು ಪ್ಲಗ್ ತೊಳೆದಿಟ್ಟಂತೆ ಶುಭ್ರವಾಗಿದ್ದು ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಪಡಿ. ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಪೆನ್ಸಿಲ್ ಗೆರೆಯಂಥ ಕಪ್ಪು ದಾರಿ ಕಂಡರೆ ಕಿಡಿ ಹೊರಗಿನಿಂದ ಹರಿಯುತ್ತಿದೆ. ಪ್ಲಗ್, ಬೂಟ್ ಎರಡನ್ನೂ ಬದಲಿಸಬೇಕು. ಗ್ಯಾಪ್ ಬಹುತೇಕ ಕಾರುಗಳಲ್ಲಿ 0.8ರಿಂದ 1.1 ಎಂಎಂ, ನಿಮ್ಮ ಮ್ಯಾನುಯಲ್ಲಿನ ಅಂಕಿಯೇ ಅಂತಿಮ. ಇರಿಡಿಯಂ ಪ್ಲಗ್ಗಿನ ತೆಳು ತುದಿಗೆ ತಂತಿ ಬ್ರಶ್ ಹಾಕಬೇಡಿ. ಕೂರಿಸುವಾಗ ಕೈಯಿಂದಲೇ ಪೂರ್ತಿ ತಿರುಗಿಸಿ, ವಾಷರ್ ಇರುವ ಹೊಸ ಪ್ಲಗ್ಗಿಗೆ ಆಮೇಲೆ ಅರ್ಧದಿಂದ ಮೂರನೇ ಎರಡು ಸುತ್ತು ಸಾಕು.

ಸಿಎನ್‌ಜಿ ಇದ್ದರೆ

ಸಿಎನ್‌ಜಿ ಹತ್ತಿಕೊಳ್ಳಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಆದ್ದರಿಂದ ಸೋಲುತ್ತಿರುವ ಪ್ಲಗ್, ಕಾಯಿಲ್ ಮೊದಲು ಗ್ಯಾಸಿನಲ್ಲೇ ಬಯಲಾಗುತ್ತವೆ, ಪೆಟ್ರೋಲಿಗೆ ಹಾಕಿದರೆ ಗಾಡಿ ನಯವಾಗಿ ಓಡುತ್ತದೆ. ಅದನ್ನು ನೋಡಿ ತಕ್ಷಣ ರೆಡ್ಯೂಸರ್ (ಗ್ಯಾಸಿನ ಒತ್ತಡ ಇಳಿಸುವ ಭಾಗ), ಗ್ಯಾಸ್ ಇಂಜೆಕ್ಟರ್ ಬಿಚ್ಚುವುದು ತಪ್ಪು. ಮೊದಲು ಪ್ಲಗ್ ಗ್ಯಾಪ್ ಅಳೆಯಿರಿ, ಸವೆದು ಅಗಲವಾಗಿದ್ದರೆ ಹೊಸದು ಹಾಕಿ. ಅದು ಸರಿಯಿದ್ದರೆ ಮಾತ್ರ ಗ್ಯಾಸ್ ಫಿಲ್ಟರ್, ಇಂಜೆಕ್ಟರ್ ರೇಲ್. ಬಹಳ ಕಿಲೋಮೀಟರ್ ಗ್ಯಾಸಿನಲ್ಲೇ ಓಡಿದ ಕಾರಿನಲ್ಲಿ ವಾಲ್ವ್ ಸೀಟ್ ಸವೆದು ಟ್ಯಾಪೆಟ್ ಗ್ಯಾಪ್ ಬಿಗಿಯಾಗುತ್ತದೆ. ಆಗ ಬಿಸಿಯಾದ ಮೇಲೆ ವಾಲ್ವ್ ಪೂರ್ತಿ ಮುಚ್ಚದೆ ಐಡಲಿನಲ್ಲಿ ಮಿಸ್ ಹೊಡೆಯುತ್ತದೆ.

ಕಿಡಿ ಸರಿಯಿದ್ದೂ ಮಿಸ್ ನಿಲ್ಲದಿದ್ದರೆ

ಇಂಜೆಕ್ಟರಿನ ಎರಡು ಪಿನ್ ನಡುವೆ ಸಾಮಾನ್ಯವಾಗಿ 11ರಿಂದ 16 ಓಮ್ ಬರಬೇಕು, ನಾಲ್ಕೂ ಹೆಚ್ಚುಕಡಿಮೆ ಒಂದೇ ಇರಬೇಕು. ಉದ್ದ ಸ್ಕ್ರೂಡ್ರೈವರಿನ ತುದಿ ಇಂಜೆಕ್ಟರಿಗಿಟ್ಟು ಹಿಡಿಗೆ ಕಿವಿ ಕೊಟ್ಟರೆ ಟಿಕ್ ಟಿಕ್ ಕೇಳಬೇಕು. ಸದ್ದಿಲ್ಲದಿದ್ದರೆ ವೈರಿಂಗ್ ನೋಡಿ. ರಾಶಿ ಮುಗಿದು ಹೊಲ ಬರಿದಾದಾಗ ಇಲಿಗಳು ಊರೊಳಗಿನ ಗಾಡಿಗಳ ಬಾನೆಟ್ಟಿಗೆ ಬರುತ್ತವೆ, ಇಂಜೆಕ್ಟರ್ ವೈರ್ ಕಡಿಯುವುದು ಸಾಮಾನ್ಯ. ಪೆಟ್ರೋಲ್ ಹಾಕಿಸಿದ ಕೆಲವೇ ಕಿಲೋಮೀಟರಿನಲ್ಲಿ ಎಲ್ಲ ಸಿಲಿಂಡರೂ ಮಿಸ್ ಹೊಡೆಯತೊಡಗಿದರೆ ನೀರು ಸೇರಿದೆಯೇ ಎಂದು ಬಾಟಲಿಗೆ ತೆಗೆದು ನೋಡಿ.

ಕೊನೆಗೆ ಕಂಪ್ರೆಶನ್. ಎಲ್ಲ ಪ್ಲಗ್ ತೆಗೆದು, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಬಿಡಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ಸುತ್ತು ಕ್ರ್ಯಾಂಕ್ ಮಾಡಿ. ಸಾಮಾನ್ಯವಾಗಿ 10ರಿಂದ 13 ಬಾರ್ ಇರುತ್ತದೆ. ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ, ಅದು ಶೇ. 15 ದಾಟಬಾರದು. ಕಡಿಮೆ ಬಂದದ್ದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆ ಇದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್.

ಈಗ ಸೆನ್ಸರ್ ಕೋಡ್

ಮಿಸ್‌ಫೈರ್ ನಿಂತ ಮೇಲೂ ಸೆನ್ಸರ್ ಕೋಡ್ ಮರಳಿದರೆ ಅದು ಯಾವ ಬಗೆಯದು ಎಂದು ನೋಡಿ. ಪಿ0130ರಿಂದ ಪಿ0135 ಕನ್ವರ್ಟರಿಗಿಂತ ಮೊದಲು ಇರುವ ಮುಂದಿನ ಸೆನ್ಸರಿನವು, ಪಿ0136ರಿಂದ ಪಿ0141 ಕನ್ವರ್ಟರಿನ ಹಿಂದಿನ ಸೆನ್ಸರಿನವು. ಪಿ0135 ಮತ್ತು ಪಿ0141 ಹೀಟರ್ ಕೋಡುಗಳು. ಇವು ಗಾಳಿ-ಪೆಟ್ರೋಲಿನ ಮಾತಾಡುವುದಿಲ್ಲ, ಸೆನ್ಸರಿನೊಳಗಿನ ಹೀಟರಿಗೆ ಕರೆಂಟ್ ಹರಿಯುತ್ತಿಲ್ಲ ಎನ್ನುತ್ತವೆ. ಎರಡೂ ಒಟ್ಟಿಗೆ ಬಂದಿದ್ದರೆ ಎರಡು ಸೆನ್ಸರ್ ಒಂದೇ ದಿನ ಸತ್ತಿರುವ ಸಾಧ್ಯತೆ ಬಹಳ ಕಡಿಮೆ, ಫ್ಯೂಸ್ ನೋಡಿ. ಒಂದೇ ಬಂದಿದ್ದರೆ ಕನೆಕ್ಟರ್ ಬಿಡಿಸಿ, ಸೆನ್ಸರ್ ಕಡೆಯ ಒಂದೇ ಬಣ್ಣದ ಎರಡು ತಂತಿಗಳ ನಡುವೆ ಓಮ್ ಅಳೆಯಿರಿ. ತಣ್ಣಗಿದ್ದಾಗ 3ರಿಂದ 15 ಓಮಿನ ನಡುವೆ ಎಲ್ಲೋ ಇರುತ್ತದೆ. ಅನಂತ ತೋರಿಸಿದರೆ ಹೀಟರ್ ಕಡಿದಿದೆ, ಸೆನ್ಸರ್ ಬದಲಿಸಿ. ಓಮ್ ಸರಿಯಿದ್ದರೆ ಎಂಜಿನ್ ಚಾಲೂ ಮಾಡಿ ವೈರಿಂಗ್ ಕಡೆಯಿಂದ 12 ವೋಲ್ಟ್ ಬರುತ್ತಿದೆಯೇ ನೋಡಿ. ಹೆಚ್ಚು ಯೋಚಿಸದೆ ಸೆನ್ಸರ್ ಬದಲಿಸಬಹುದಾದ ಸಂದರ್ಭ ಹೀಟರ್ ಕಡಿದದ್ದು ಒಂದೇ.

ಪಿ0131 (ವೋಲ್ಟ್ ಕಡಿಮೆ), ಪಿ0132 (ವೋಲ್ಟ್ ಹೆಚ್ಚು), ಪಿ0133 (ಸೆನ್ಸರ್ ನಿಧಾನ) ಹಾಗಲ್ಲ. ಸೆನ್ಸರ್ ಬದುಕಿದೆಯೇ ಎಂದು ಮೊದಲು ಪರೀಕ್ಷಿಸಿ. ಎಂಜಿನ್ ಪೂರ್ತಿ ಬಿಸಿಯಾಗಲಿ, 2,500 ಆರ್‌ಪಿಎಂನಲ್ಲಿ ಹಿಡಿಯಿರಿ. ಹಳೆಯ ಬಗೆಯ ಜಿರ್ಕೋನಿಯಾ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವೆ ಬೇಗ ಬೇಗ ಏರಿಳಿಯಬೇಕು, 10 ಸೆಕೆಂಡಿನಲ್ಲಿ ಏಳೆಂಟು ಸಲವಾದರೂ. ಆಕ್ಸಿಲರೇಟರ್ ಒಮ್ಮೆಗೇ ಒತ್ತಿದರೆ 0.8ರ ಮೇಲೆ ಹೋಗಬೇಕು, ಬಿಟ್ಟ ಕೂಡಲೇ ಪೆಟ್ರೋಲ್ ಕಡಿತವಾಗಿ ಸೊನ್ನೆಯ ಹತ್ತಿರ ಬೀಳಬೇಕು. ಹೀಗೆ ಎರಡೂ ಕಡೆ ಚುರುಕಾಗಿ ಹೋಗಿ ಬಂದರೆ ಸೆನ್ಸರ್ ಚೆನ್ನಾಗಿದೆ, ಅದು ದೂರುತ್ತಿರುವ ತೊಂದರೆ ಹುಡುಕಿ. ಹಿಂದಿನ ಸೆನ್ಸರ್ ಮಾತ್ರ 0.6-0.7ರಲ್ಲಿ ಬಹುತೇಕ ನಿಂತಿರಬೇಕು. ಮುಂದಿನದರಂತೆಯೇ ಕುಣಿಯುತ್ತಿದ್ದು ಪಿ0420 ಬಂದಿದ್ದರೆ ಕನ್ವರ್ಟರ್ ಸೋತಿದೆ, ಹಿಂದಿನ ಸೆನ್ಸರ್ ಬದಲಿಸಿ ಫಲವಿಲ್ಲ. ಹೊಸ ಬಿಎಸ್-6 ಕಾರುಗಳಲ್ಲಿ ಮುಂದೆ ವೈಡ್‌ಬ್ಯಾಂಡ್ ಸೆನ್ಸರ್ ಇರಬಹುದು. ಅದಕ್ಕೆ ಈ ವೋಲ್ಟ್ ಲೆಕ್ಕ ಅನ್ವಯಿಸದು, ಆ್ಯಪಿನಲ್ಲಿ ಲ್ಯಾಂಬ್ಡಾ (ಗಾಳಿ-ಪೆಟ್ರೋಲಿನ ಹದ ತೋರಿಸುವ ಅಂಕಿ) 1.00ರ ಸುತ್ತ ಇದೆಯೇ ನೋಡಿ.

ಪಿ0171 (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ) ಅಥವಾ ಸದಾ ಕಡಿಮೆ ವೋಲ್ಟ್ ಇದ್ದರೆ ಫ್ಯೂಯೆಲ್ ಟ್ರಿಮ್ ತೆರೆಯಿರಿ, ಇಸಿಯು ಪೆಟ್ರೋಲನ್ನು ಎಷ್ಟು ಶೇಕಡಾ ಏರಿಸಿದೆ ಅಥವಾ ಇಳಿಸಿದೆ ಎಂದು ಅದು ಹೇಳುತ್ತದೆ. ಶಾರ್ಟ್ (ಆ ಕ್ಷಣದ್ದು), ಲಾಂಗ್ (ಕಲಿತು ಉಳಿಸಿಕೊಂಡದ್ದು) ಎರಡನ್ನೂ ಕೂಡಿಸಿ. 10 ಶೇಕಡಾ ಒಳಗಿದ್ದರೆ ಚಿಂತೆ ಬೇಡ. ಇಲ್ಲಿ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲಿನ ಲೆಕ್ಕ ಬಿಡಬಾರದು. ತೂಕದಲ್ಲಿ ಒಂದು ಪಾಲು ಶುದ್ಧ ಪೆಟ್ರೋಲಿಗೆ ಬೇಕಾದ ಗಾಳಿ 14.7 ಪಾಲು, ಶೇ. 10 ಎಥನಾಲಿಗೆ ಸುಮಾರು 14.1, ಶೇ. 20ಕ್ಕೆ ಸುಮಾರು 13.5. ಅಂದರೆ ಇ10ಕ್ಕೆ ಹೊಂದಿಸಿದ ಕಾರಿಗೆ ಇ20 ಹಾಕಿದಾಗ ಏನೂ ಕೆಡದಿದ್ದರೂ ಟ್ರಿಮ್ ನಾಲ್ಕೈದು ಶೇಕಡಾ ಮೇಲಿರುತ್ತದೆ. ಅದರ ಮೇಲೆ ಸಣ್ಣದೊಂದು ಸೋರಿಕೆ ಸೇರಿದರೆ ಲೈಟ್ ಹತ್ತುವ ಗಡಿ ಬೇಗ ಬರುತ್ತದೆ.

ಟ್ರಿಮ್ ಐಡಲಿನಲ್ಲಿ ಹೆಚ್ಚಿದ್ದು 2,500ರಲ್ಲಿ ಇಳಿದರೆ ಎಲ್ಲೋ ಹೊರಗಾಳಿ ಸೇರುತ್ತಿದೆ. ವೇಗದಲ್ಲಿ, ಏರಿನಲ್ಲಿ ಹೆಚ್ಚಿದರೆ ಪೆಟ್ರೋಲ್ ಸಾಲುತ್ತಿಲ್ಲ, ಪಂಪ್ ಮತ್ತು ಫಿಲ್ಟರ್ ನೋಡಿ. ನಮ್ಮ ಸಣ್ಣ ಕಾರುಗಳಲ್ಲಿ ಬಹುತೇಕ ಮ್ಯಾಪ್ ಸೆನ್ಸರ್ (ಒಳಗಾಳಿಯ ಒತ್ತಡ ಅಳೆಯುವುದು) ಇರುವುದರಿಂದ ಒಳಗಾಳಿ ಸೋರಿದರೆ ಟ್ರಿಮ್‌ಗಿಂತ ಐಡಲ್ ಏರುವುದೇ ಮೊದಲ ಸೂಚನೆ. ಮ್ಯಾಪ್ ಸೆನ್ಸರ್ ಸರಿಯಿದೆಯೇ ಎಂದು ತಿಳಿಯಲು ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿ. ಕಲಬುರಗಿ, ಯಾದಗಿರಿಯಲ್ಲಿ ಸುಮಾರು 96 ಕಿಲೋ ಪಾಸ್ಕಲ್, ಎತ್ತರದಲ್ಲಿರುವ ಬೀದರಿನಲ್ಲಿ 93ರ ಆಸುಪಾಸು ತೋರಿಸಬೇಕು. ಬಿಸಿ ಎಂಜಿನ್ ಐಡಲಿನಲ್ಲಿ, ಎಸಿ ಬಂದ್ ಇದ್ದಾಗ ಅದು 30ರಿಂದ 40ಕ್ಕೆ ಇಳಿಯಬೇಕು. ಏರ್ ಫಿಲ್ಟರ್ ಧೂಳು ತುಂಬಿದರೆ ಪಿಕಪ್ ಹೋಗುತ್ತದೆ, ಆದರೆ ಇಂಜೆಕ್ಷನ್ ಕಾರಿನಲ್ಲಿ ಅದರಿಂದ ಸೆನ್ಸರ್ ಕೋಡ್ ಬರುವುದು ಅಪರೂಪ.

ಇನ್ನೊಂದು ಮೋಸಗಾರ ಕಾರಣ ಎಕ್ಸಾಸ್ಟ್ ಸೋರಿಕೆ. ಮುಂದಿನ ಸೆನ್ಸರಿಗಿಂತ ಮೊದಲು ಗ್ಯಾಸ್ಕೆಟ್ ಬಿರುಕು ಬಿಟ್ಟಿದ್ದರೆ ಹೊಗೆಯ ಪ್ರತಿ ಮಿಡಿತದ ನಡುವೆ ಹೊರಗಾಳಿ ಒಳಕ್ಕೆಳೆದುಕೊಂಡು ಸೆನ್ಸರಿಗೆ ಸುಳ್ಳು ಆಮ್ಲಜನಕ ಕಾಣುತ್ತದೆ. ತಣ್ಣಗಿರುವ ಎಂಜಿನ್ ಚಾಲೂ ಮಾಡಿ ಮ್ಯಾನಿಫೋಲ್ಡ್ ಸಂದಿಗೆ ಸಾಬೂನು ನೀರು ಬಿಡಿ, ಗುಳ್ಳೆ ಬರುತ್ತದೆ. ಕಪ್ಪು ಮಸಿಯ ಗೆರೆಯೂ ಜಾಗ ತೋರಿಸುತ್ತದೆ.

ಸೆನ್ಸರ್ ಬದಲಿಸಲೇಬೇಕಾದರೆ

22 ಎಂಎಂ ಪಾನಾ ಅಥವಾ ವೈರ್ ಹೊರಬರಲು ಸೀಳಿರುವ ಸಾಕೆಟ್ ಬೇಕು. ಎಂಜಿನ್ ಉಗುರುಬೆಚ್ಚಗಿದ್ದಾಗ ಸುಲಭವಾಗಿ ಬಿಡುತ್ತದೆ, ಹಟ ಮಾಡಿದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಿರಿ. ಹೊಸ ಸೆನ್ಸರಿನ ಚೂಡಿಗೆ ಪೇಸ್ಟ್ ಹಚ್ಚಿಯೇ ಬರುತ್ತದೆ, ತುದಿಗೆ ಏನೂ ತಾಗಬಾರದು. 40 ನ್ಯೂಟನ್ ಮೀಟರ್ ಹತ್ತಿರ ಬಿಗಿ ಮಾಡಿ. ಕನೆಕ್ಟರ್ ಹೊಂದದ ಸೆನ್ಸರ್ ತಂದು ವೈರ್ ಕತ್ತರಿಸಿ ಬೆಸುಗೆ ಹಾಕುವುದು ನಮ್ಮ ಕಡೆ ಸಾಮಾನ್ಯ, ಆದರೆ ಅದು ಕೆಟ್ಟ ಕೆಲಸ. ಹಲವು ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಎಳೆಗಳ ಸಂದಿನಿಂದಲೇ ಎಳೆದುಕೊಳ್ಳುತ್ತವೆ, ಬೆಸುಗೆ ಆ ದಾರಿ ಮುಚ್ಚುತ್ತದೆ. ಎಂಜಿನಿಗೆ ಸಾಮಾನ್ಯ ಸಿಲಿಕಾನ್ ಗಮ್ ಹಚ್ಚಿದ್ದರೂ ಅದರ ಆವಿ ಹೊಸ ಸೆನ್ಸರನ್ನು ಬೆಳ್ಳಗೆ ಮಾಡಿ ಕೊಲ್ಲುತ್ತದೆ, ಸೆನ್ಸರಿಗೆ ಹಾನಿಯಿಲ್ಲ ಎಂದು ಬರೆದಿರುವ ಗಮ್ಮನ್ನೇ ಕೇಳಿ ತನ್ನಿ.

ಕೆಲಸ ಮುಗಿದ ಮೇಲೆ ಕೋಡ್ ಅಳಿಸಿ, ತಣ್ಣಗಿನ ಎಂಜಿನಿನಿಂದ ಶುರುಮಾಡಿ ಹತ್ತು ನಿಮಿಷ ಐಡಲ್ ಬಿಡಿ. ಆಮೇಲೆ ಕಲಬುರಗಿಯಿಂದ ಜೇವರ್ಗಿಗೆ ಹೋಗಿ ಬರುವಷ್ಟು ದೂರ, ನಡುವೆ ಹತ್ತು ನಿಮಿಷ 60ರಿಂದ 80ರ ಸಮ ವೇಗದಲ್ಲಿ, ಆಗಾಗ ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ಓಡಿಸಿ. ಮರಳಿ ಬಂದು ಪೆಂಡಿಂಗ್ ಕೋಡ್ (ಇನ್ನೂ ಲೈಟ್ ಹತ್ತಿಸದ ಕೋಡ್), ಮೋಡ್ 6ರ ಎಣಿಕೆ, ಲಾಂಗ್ ಟ್ರಿಮ್ ಮೂರನ್ನೂ ನೋಡಿ. ಹೆಚ್ಚಿನ ಕೋಡುಗಳಿಗೆ ಎರಡು ಓಟದಲ್ಲಿ ಸತತವಾಗಿ ತಪ್ಪು ಕಂಡರೆ ಮಾತ್ರ ಲೈಟ್ ಹತ್ತುತ್ತದೆ. ಹಾಗಾಗಿ ಮೊದಲ ದಿನ ಲೈಟ್ ಬರಲಿಲ್ಲವೆಂದು ಗ್ಯಾರೇಜಿನ ಲೆಕ್ಕ ಚುಕ್ತಾ ಮಾಡಬೇಡಿ, ಮರುದಿನ ಬೆಳಗ್ಗೆ ಇನ್ನೊಮ್ಮೆ ಓಡಿಸಿ ಪೆಂಡಿಂಗ್ ಪಟ್ಟಿ ಖಾಲಿ ಇದೆಯೇ ನೋಡಿ.